ಶುಭಕೃತ್ತೋ ಶೋಭಕೃತ್ತೋ: ಒಂದು ನಾಟ್ಯೋತ್ಸವದ ಸ್ಮರಣ ಸಂಚಿಕೆಯ ಪ್ರಕರಣ

ಈ ಪ್ರಕರಣ ಬಾಗಲಕೋಟೆ ಜಿಲ್ಲೆಯ ನದಿ ದಂಡೆಯ ಒಂದು ಪಟ್ಟಣದ ಹವ್ಯಾಸಿ ಕಲಾ ಸಂಘಕ್ಕೆ ಸಂಬಂಧಿಸಿದ್ದು. ಊರಿನ ಹೆಸರು, ಸಂಘದ ಹೆಸರು, ಇದರಲ್ಲಿ ಪಾಲ್ಗೊಂಡವರ ಹೆಸರುಗಳು ಯಾವುವನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತುವಂಥ ಚಿಕ್ಕಪುಟ್ಟ ವಿವರಗಳನ್ನೂ ಬಿಟ್ಟಿದ್ದೇನೆ. ಯಾವ ಹಂತದಲ್ಲಿ ಏನನ್ನು ತೀರ್ಮಾನಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ. ಇಂಥ ಸಂಚಿಕೆಗಳು ನಮ್ಮ ಭಾಗದ ಎಷ್ಟೋ ಮನೆಗಳ ಟ್ರಂಕುಗಳಲ್ಲಿ, ಅಟ್ಟದ ಮೇಲಿನ ಗಂಟುಗಳಲ್ಲಿ ಇವೆ. ಅವು ಕೈಗೆ ಸಿಕ್ಕ ಮೊದಲ ವಾರದಲ್ಲಿ ನಾವು ಏನು ಮಾಡುತ್ತೇವೆ, ಏನು ಮಾಡದೆ ಇರುತ್ತೇವೆ ಎಂಬುದರ ಮೇಲೆ ಅವುಗಳ ಮುಂದಿನ ಗತಿ ನಿಂತಿರುತ್ತದೆ. ನಾನು ಕಾಲೇಜು ಗ್ರಂಥಾಲಯದಲ್ಲಿ ದುಡಿದು ನಿವೃತ್ತನಾದವನು. ಹಳೆಯ ಕಾಗದಗಳ ಕೆಲಸ ಗೊತ್ತು ಎಂಬ ಕಾರಣಕ್ಕೆ ಸಂಘದವರು ನನ್ನನ್ನು ಕರೆದರು.

ಹಿನ್ನೆಲೆ

ಸಂಘವನ್ನು ಕಟ್ಟಿದವರು ಕನ್ನಡ ಶಾಲೆಯ ಮಾಸ್ತರರು, ಅಡತಿ ಅಂಗಡಿಯ ಗುಮಾಸ್ತರು, ಒಂದಿಬ್ಬರು ನೇಕಾರರು ಮತ್ತು ಒಬ್ಬ ಟೇಲರ್. ಬಸವ ಜಯಂತಿಗೆ ಹೊಂದಿಸಿ ಅವರು ಮೂರು ರಾತ್ರಿಗಳ ನಾಟ್ಯೋತ್ಸವ ನಡೆಸಿದರು. ಒಂದು ರಾತ್ರಿ ಸಾಮಾಜಿಕ ನಾಟಕ, ಒಂದು ರಾತ್ರಿ ಪೌರಾಣಿಕ, ಇನ್ನೊಂದು ರಾತ್ರಿ ಬೆಳಗಿನವರೆಗೆ ಪಾರಿಜಾತದ ಆಟ, ಅಂದರೆ ಹಾಡು ಕುಣಿತಗಳ ಶ್ರೀಕೃಷ್ಣ ಪಾರಿಜಾತ ಬಯಲಾಟ. ಪಾರಿಜಾತವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಪರಾಳ ತಮ್ಮಣ್ಣ ಬರೆದು ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟವಿಲ್ಲದೆ ಬಾಗಲಕೋಟೆ, ಗೋಕಾಕ, ಮುಧೋಳ ಸೀಮೆಯಲ್ಲಿ ಆ ಕಾಲದ ಯಾವ ಉತ್ಸವವೂ ಪೂರ್ಣವಾಗುತ್ತಿರಲಿಲ್ಲ. ಮೊದಲ ವರ್ಷದ ಉತ್ಸವದ ನೆನಪಿಗೆ ಸಂಘವು ಅರವತ್ತನಾಲ್ಕು ಪುಟಗಳ ಸ್ಮರಣ ಸಂಚಿಕೆಯನ್ನು ಹೊರತಂದಿತು. ಅದರಲ್ಲಿ ಸ್ವಾಗತದ ಮಾತು, ಗಣ್ಯರ ಸಂದೇಶಗಳು, ಮೂರು ಲೇಖನ, ಮೂರೂ ರಾತ್ರಿಯ ಕಾರ್ಯಕ್ರಮ ಪಟ್ಟಿ, ನಡುಮಧ್ಯದಲ್ಲಿ ಆರ್ಟ್ ಪೇಪರಿನ ನಾಲ್ಕು ಪುಟ ಭಾವಚಿತ್ರಗಳು ಇದ್ದವು. ಉಳಿದುದೆಲ್ಲ ಜಾಹೀರಾತು.

ಇಷ್ಟು ಚಿಕ್ಕ ಪುಸ್ತಿಕೆಗೆ ಅಷ್ಟೊಂದು ಮಹತ್ವ ಬಂದದ್ದೇಕೆ ಎಂಬುದು ಮುಳುಗಡೆಯ ಊರಿನವರಿಗೆ ಬೇಗ ತಿಳಿಯುತ್ತದೆ. ಸಂಘದ ಕಚೇರಿ ಹಳೆಯ ಪೇಟೆಯ ಒಂದು ಮಾಳಿಗೆ ಮನೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಆ ಓಣಿ ಪೂರ್ತಿ ಹೋಯಿತು. ಜನ ತೊಲೆ, ಬಾಗಿಲು, ಕಿಟಕಿಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊಸ ಜಾಗೆಗೆ ಬಂದರು. ಆ ಗಡಿಬಿಡಿಯಲ್ಲಿ ಸಂಘದ ಠರಾವು ಪುಸ್ತಕಗಳೂ ಲೆಕ್ಕದ ದಫ್ತರಗಳೂ ಎಲ್ಲಿ ಹೋದವೆಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಹೀಗೆ ಸಂಘದ ಮೊದಲ ಹತ್ತು ವರ್ಷಗಳ ಬಗ್ಗೆ ಬರಹದಲ್ಲಿ ಏನೂ ಉಳಿಯಲಿಲ್ಲ. 2021ರ ದೀಪಾವಳಿಯಲ್ಲಿ, ಸಂಘದ ಮೊದಲ ಖಜಾಂಚಿಯಾಗಿದ್ದವರ ಮಗ ಮನೆಯ ಸುಣ್ಣ ಬಣ್ಣಕ್ಕೆಂದು ಟ್ರಂಕುಗಳನ್ನು ಹೊರಗೆ ಹಾಕಿದಾಗ, ಒಂದರ ತಳದಲ್ಲಿ ಹಳೆಯ ಧೋತರದಲ್ಲಿ ಸುತ್ತಿಟ್ಟ ಈ ಸಂಚಿಕೆ ಸಿಕ್ಕಿತು. ನನಗೆ ತಿಳಿದ ಮಟ್ಟಿಗೆ ಉಳಿದಿರುವ ಪ್ರತಿ ಇದೊಂದೇ.

ಸಂಘದವರಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಬರೆಯುವ ತಪ್ಪುಗಳು ಆ ಸಂತೋಷದ ಭರದಲ್ಲಿಯೇ ಆದವು, ಅಸಡ್ಡೆಯಿಂದ ಆದದ್ದು ಒಂದೂ ಇಲ್ಲ ಎಂಬುದನ್ನು ಮೊದಲೇ ಹೇಳುತ್ತೇನೆ.

ಸಮಸ್ಯೆ

ಸಂಚಿಕೆ ನನ್ನ ಕೈಗೆ ಬಂದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ರಕ್ಷಾಪುಟ ಮೊದಲೇ ಇರಲಿಲ್ಲ. ಒರಲೆ ಒಂದು ಮೂಲೆಯನ್ನು ತಿಂದಿತ್ತು. ತುಕ್ಕು ಹಿಡಿದ ಎರಡು ಪಿನ್ನುಗಳ ಸುತ್ತ ಕಾಗದ ಕಂದಾಗಿ ಮುಟ್ಟಿದರೆ ಉದುರುತ್ತಿತ್ತು. ಹಿಂದೆ ಯಾರೋ ಮೈದಾ ಅಂಟಿನಿಂದ ದುರಸ್ತಿ ಮಾಡಿದ್ದರಿಂದ, ಮೇಲೆ ತಂಪು ಹಿಡಿದದ್ದರಿಂದ, ನಡುವಿನ ಕೆಲವು ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಇವೆಲ್ಲ ಕಾಲದ ಪೆಟ್ಟುಗಳು. ಇವಲ್ಲದೆ ಹೊಸದಾಗಿ ಬಿದ್ದ ಪೆಟ್ಟುಗಳು ಎರಡು: ನಾಲ್ಕು ಕಡೆ ಸೆಲೋಟೇಪ್ ಹಚ್ಚಿದ್ದರು, ಮತ್ತು ಮೊದಲ ಹಾಳೆಯನ್ನು ಬಿಡಿಸಿ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದರು. ಉಳಿದ ಹಾಳೆಗಳನ್ನೂ ಹಾಗೆಯೇ ಮಾಡಿಸುವ ವಿಚಾರವಿತ್ತು. ಹಾಳೆಗೆ ಇಷ್ಟು ಎಂದು ದರವೂ ಮಾತಾಗಿತ್ತು.

ಎರಡನೆಯ ಸಮಸ್ಯೆ ವರ್ಷದ್ದು. ಸಂಘವು ಅರವತ್ತು ತುಂಬಿದ ಸಮಾರಂಭಕ್ಕೆ ಸಿದ್ಧತೆ ನಡೆಸಿತ್ತು. ಮೊದಲ ಉತ್ಸವ ಯಾವ ವರ್ಷ ನಡೆಯಿತು ಎಂಬುದಕ್ಕೆ ಮೊದಲ ಹಾಳೆಯ ಒಂದು ಸಾಲೇ ಆಧಾರ. ಆ ಸಾಲಿನಲ್ಲಿ ಇಸವಿಯಿರಲಿಲ್ಲ. ‘ಶ್ರೀ’ ಎಂಬ ಅಕ್ಷರ, ಆಮೇಲೆ ಮಡಿಕೆ ಹರಿದ ಜಾಗದಲ್ಲಿ ಮಸಿ ಪೂರ್ತಿ ಸವೆದ ಒಂದು ಬಿಳಿ ಪಟ್ಟಿ, ಆಮೇಲೆ ‘ಭಕೃತ್ ನಾಮ ಸಂವತ್ಸರದ ವೈಶಾಖ ಶುದ್ಧ 3’. ಕಾಣೆಯಾದದ್ದು ಒಂದೇ ಅಕ್ಷರ. ಆದರೆ ಅರವತ್ತು ಸಂವತ್ಸರಗಳ ಸಾಲಿನಲ್ಲಿ ಶುಭಕೃತ್ ಮತ್ತು ಶೋಭಕೃತ್ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೋದ ಅಕ್ಷರ ‘ಶು’ ಆಗಿದ್ದರೆ ಅದು 1962ರ ವೈಶಾಖ. ‘ಶೋ’ ಆಗಿದ್ದರೆ 1963ರ ವೈಶಾಖ.

ಇಷ್ಟು ಹತ್ತಿರಕ್ಕೆ ಬರಲು ಕಷ್ಟವೇನೂ ಆಗಲಿಲ್ಲ. ಸ್ವಾಗತದ ಮಾತಿನಲ್ಲಿ ‘ಮೈಸೂರು ರಾಜ್ಯ’ ಎಂದಿತ್ತು, ಆದ್ದರಿಂದ 1956ರ ನವೆಂಬರ್ 1ರ ನಂತರ ಮತ್ತು 1973ರ ನವೆಂಬರ್ 1ಕ್ಕಿಂತ ಮುಂಚೆ. ಬೆಲೆಯನ್ನು ‘50 ನ.ಪೈ.’ ಎಂದು ಅಚ್ಚು ಹಾಕಿದ್ದರು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಹೆಸರಿನಿಂದ ‘ನಯಾ’ ಬಿಟ್ಟುಹೋದದ್ದು 1964ರ ಜೂನ್ 1ಕ್ಕೆ. ಈ ಅವಧಿಯಲ್ಲಿ ‘ಭಕೃತ್’ ಎಂದು ಮುಗಿಯುವ ಸಂವತ್ಸರಗಳು ಆ ಎರಡೇ. ಅಲ್ಲಿಗೆ ಬಂದು ನಿಂತೆವು.

ಸಂಘದ ಹಿರಿಯರು ನಿಲ್ಲಲಿಲ್ಲ. 2022ರ ಯುಗಾದಿಗೆ ಶುಭಕೃತ್ ಸಂವತ್ಸರವೇ ಮರಳಿ ಬರುವುದಿತ್ತು. ಅರವತ್ತು ವರ್ಷಕ್ಕೆ ಅದೇ ಹೆಸರಿನ ವರ್ಷ ತಿರುಗಿ ಬರುವಾಗ ಸಮಾರಂಭ ಮಾಡುವುದು ಶುಭವೆಂದು ಅವರಿಗೆ ಅನಿಸಿದ್ದು ಸಹಜವೇ. ಅಧ್ಯಕ್ಷರು ತಮ್ಮ ಅಣ್ಣನ ಲಗ್ನದ ವರ್ಷವನ್ನು ನೆನಪಿಸಿಕೊಂಡು 1962 ಎಂದೇ ಹೇಳಿದರು. ‘1962–2022’ ಎಂಬ ಲಾಂಛನ ಸಿದ್ಧವಾಯಿತು, ಆಮಂತ್ರಣ ಪತ್ರಿಕೆಯ ಮೊದಲ ಕಂತು ಅಚ್ಚಾಯಿತು. ನನ್ನನ್ನು ಕರೆದದ್ದು ವರ್ಷ ಹುಡುಕಲಿಕ್ಕಲ್ಲ. ಸಂಚಿಕೆಯನ್ನು ಯಥಾವತ್ತಾಗಿ ಮರುಮುದ್ರಿಸಲು ಹಾಳೆಗಳನ್ನು ನೆಟ್ಟಗೆ ಮಾಡಿಕೊಡಲಿಕ್ಕೆ.

ಲ್ಯಾಮಿನೇಶನ್ ನುಂಗಿದ ಸಾಕ್ಷಿ

ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಗದಕ್ಕೆ ಒಂದು ಗುಣವಿದೆ. ಸೀಸದ ಮೊಳೆ ಕಾಗದವನ್ನು ಒತ್ತಿಯೇ ಮಸಿ ಹಚ್ಚುತ್ತದೆ. ಮಸಿ ಸವೆದುಹೋದರೂ ಒತ್ತಿನ ಗುರುತು ಎಷ್ಟೋ ಸಲ ಉಳಿದಿರುತ್ತದೆ. ಕೋಣೆಯನ್ನು ಕತ್ತಲೆ ಮಾಡಿ, ಹಾಳೆಯನ್ನು ಬೋರಲಾಗಿ ಇಟ್ಟು, ಟಾರ್ಚಿನ ಬೆಳಕನ್ನು ಮಗ್ಗುಲಿನಿಂದ, ಮೇಜಿನ ಮಟ್ಟಕ್ಕೇ ಬಿಟ್ಟರೆ, ಒತ್ತಿದ ಅಕ್ಷರ ಹಿಂಬದಿಯಲ್ಲಿ ಉಬ್ಬಿ ನೆರಳು ಚೆಲ್ಲುತ್ತದೆ, ತಿರುಗಿಸಿ ಓದಿಕೊಳ್ಳಬಹುದು. ಇದೇ ಸಂಚಿಕೆಯ ಇಪ್ಪತ್ತೆರಡನೆಯ ಪುಟದಲ್ಲಿ ಸವೆದುಹೋಗಿದ್ದ ಎರಡು ಸಾಲುಗಳನ್ನು ನಾನು ಹೀಗೆಯೇ ಓದಿದೆ.

ಮೊದಲ ಹಾಳೆಗೆ ಈ ಉಪಾಯ ನಡೆಯಲಿಲ್ಲ. ಲ್ಯಾಮಿನೇಶನ್ ಯಂತ್ರ ಕಾವು ಮತ್ತು ಒತ್ತಡ ಎರಡನ್ನೂ ಕೊಟ್ಟು ಪ್ಲಾಸ್ಟಿಕ್ಕನ್ನು ಕಾಗದದ ಎರಡೂ ಮೈಗೆ ಕರಗಿಸಿ ಅಂಟಿಸುತ್ತದೆ. ಒತ್ತಿನ ಉಬ್ಬೆಲ್ಲ ಚಪ್ಪಟೆಯಾಗಿತ್ತು. ಮೇಲಿನ ಹೊಳಪು ಮಗ್ಗುಲು ಬೆಳಕನ್ನು ಹಿಂದಕ್ಕೆ ಎಸೆಯುತ್ತಿತ್ತು. ಅರವತ್ತು ವರ್ಷ ಧೋತರದ ಗಂಟಿನಲ್ಲಿ ಉಳಿದುಕೊಂಡಿದ್ದ ಸಾಕ್ಷಿ ಎರಡು ನಿಮಿಷದ ರಕ್ಷಣೆಯಲ್ಲಿ ಹೋಯಿತು. ಪ್ಲಾಸ್ಟಿಕ್ಕನ್ನು ಬಿಡಿಸಲು ಹೋದರೆ ಕಾಗದದ ಮೈಯೇ ಕಿತ್ತು ಬರುತ್ತದೆ, ಆದ್ದರಿಂದ ಆ ಹಾಳೆಯನ್ನು ಹಾಗೆಯೇ ಬಿಟ್ಟೆ. ಹಳೆಯ ಕಾಗದದೊಳಗಿನ ಹುಳಿ ಅಂಶ ಪ್ಲಾಸ್ಟಿಕ್ಕಿನೊಳಗೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕಾಣುವುದಕ್ಕೆ ಗಟ್ಟಿಯಾದರೂ ಹಾಳೆ ಒಳಗೊಳಗೇ ಕಂದುತ್ತ ಹೋಗುತ್ತದೆ. ಇದನ್ನು ಕಾರ್ಯದರ್ಶಿಗಳಿಗೆ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಟಾರ್ಚು ಹಿಡಿದು ತೋರಿಸಿದೆ. ಇಪ್ಪತ್ತೆರಡನೆಯ ಪುಟದಲ್ಲಿ ಅಕ್ಷರಗಳು ಎದ್ದು ನಿಂತದ್ದನ್ನು ನೋಡಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಅಂದು ಸಂಜೆಯೇ ಝೆರಾಕ್ಸ್ ಅಂಗಡಿಗೆ ಹೇಳಿ ಕಳಿಸಿ ಉಳಿದ ಹಾಳೆಗಳ ಕೆಲಸವನ್ನು ರದ್ದು ಮಾಡಿಸಿದರು. ಈ ಪ್ರಕರಣದ ಮೊದಲ ತಿರುವು ಇದೇ. ವಾದದಿಂದ ಆಗದ್ದು ಕಣ್ಣಿಗೆ ತೋರಿಸಿದ್ದರಿಂದ ಆಯಿತು.

ಸೆಲೋಟೇಪಿನಲ್ಲಿ ಎರಡು ತುಂಡುಗಳನ್ನು ಬಿಡಿಸಲು ಸಾಧ್ಯವಾಯಿತು, ಎರಡನ್ನು ಮುಟ್ಟಲಿಲ್ಲ. ಪಿನ್ನುಗಳನ್ನು ಹಿಂದಿನಿಂದ ತೆಳು ತಗಡಿನಿಂದ ಎತ್ತಿ, ಅವೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಹೊಲಿದೆ.

ಕಂಪೋಜಿಟರ್ ಅಜ್ಜ

ಸಂಚಿಕೆ ಅಚ್ಚಾದ ಪ್ರೆಸ್ಸು ಈಗಿಲ್ಲ. ಅದೇ ಕಾಲದಲ್ಲಿ ಬೇರೊಂದು ಪ್ರೆಸ್ಸಿನಲ್ಲಿ ಹುಡುಗರಾಗಿ ಸೇರಿ ನಲವತ್ತು ವರ್ಷ ಮೊಳೆ ಜೋಡಿಸಿದ ಹಿರಿಯರೊಬ್ಬರು ಪಕ್ಕದ ಊರಿನಲ್ಲಿದ್ದಾರೆಂದು ತಿಳಿದು ಹೋದೆವು. ಎಂಬತ್ತರ ಮೇಲಿನ ವಯಸ್ಸು, ಕಣ್ಣಿಗೆ ಪೊರೆಯ ಆಪರೇಶನ್ ಆಗಿತ್ತು. ಲ್ಯಾಮಿನೇಶನ್ ಆದ ಹಾಳೆಯನ್ನು ಬಿಸಿಲಿಗೆ ಹಿಡಿದು, ಆ ಸಾಲನ್ನು ಓದದೆಯೇ, ಬೆರಳ ತುದಿಯಿಂದ ಅಕ್ಷರದ ಅಗಲಗಳನ್ನು ಅಳೆಯುತ್ತ ಹೋದರು. ಅವರಿಗೆ ಅಕ್ಷರವೆಂದರೆ ಜಾಗ.

“ಇಲ್ಲಿ ಶು ಕೂಡಂಗಿಲ್ರೀ ಸರ. ಶು ಇಟ್ರ ಎರಡೂ ಕಡೆ ಜಾಗಾ ಉಳೀತೈತಿ. ಶೋಕ್ಕ ದೀರ್ಘದ ಮೊಳಿ ಬ್ಯಾರೆ ಬೇಕಲ್ರೀ, ಅದರ ಅಗಲ ಇದು,” ಎಂದರು. ಅದೇ ಸಾಲಿನ ‘ಸಂವತ್ಸರದ’ ಎಂಬ ಪದದ ಪಕ್ಕ ಬಿಟ್ಟ ಸಂದನ್ನು ತೋರಿಸಿ, ಈ ಕೈ ಸಂದು ಬಿಡುವುದರಲ್ಲಿ ಜಿಪುಣ ಕೈ, ಎಲ್ಲ ಕಡೆ ಒಂದೇ ಅಳತೆ ಇಟ್ಟಿದ್ದಾನೆ ಎಂದರು. ಆದರೂ ಹಾಳೆಯನ್ನು ಮರಳಿ ಕೊಡುವಾಗ, “ಸಾಲು ತುಂಬಸಾಕ ನಾವೂ ಕೆಲವೊಮ್ಮೆ ಸುಳ್ಳ ಜಾಗಾ ಬಿಡತಿದ್ವಿ. ನನ್ನ ಮಾತಿನ ಮ್ಯಾಲ ಒಂದ ಸಂಘದ ವಯಸ್ಸು ಬರೀಬ್ಯಾಡ್ರಿ,” ಎಂದು ಸೇರಿಸಿದರು. ತಮ್ಮ ವಿದ್ಯೆಯ ಅಂಚು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅಷ್ಟು ನಿಚ್ಚಳವಾಗಿ ಹೇಳುವವರು ವಿರಳ. ಅವರ ಮಾತನ್ನು ನಾನು ಬರೆದುಕೊಂಡೆ, ಅವರ ಎಚ್ಚರಿಕೆಯನ್ನೂ ಬರೆದುಕೊಂಡೆ.

ಸಂಘದ ಸಭೆಯಲ್ಲಿ ಇದನ್ನು ಹೇಳಿದಾಗ ಒಪ್ಪಿಗೆ ಸಿಗಲಿಲ್ಲ. ಒಂದು ಅಕ್ಷರದ ಅಗಲವನ್ನು ನಂಬಿ ಅಚ್ಚಾದ ಆಮಂತ್ರಣವನ್ನು ಬದಲಿಸಲು ಹಿರಿಯರು ಸಿದ್ಧರಿರಲಿಲ್ಲ, ಸಿದ್ಧರಾಗಬೇಕೆಂದು ನಾನೂ ಒತ್ತಾಯಿಸಲಿಲ್ಲ. ಅಂಟಿಕೊಂಡ ಹಾಳೆಗಳನ್ನು ಬಿಡಿಸುವವರೆಗೆ ಉಳಿದ ಪತ್ರಿಕೆಗಳ ಮುದ್ರಣವನ್ನು ನಿಲ್ಲಿಸಬೇಕು ಎಂಬಷ್ಟನ್ನೇ ಕೇಳಿದೆ. ಮೂರು ವಾರ ಕೊಟ್ಟರು.

ಅಂಟಿದ ಹಾಳೆಗಳು

ಮೊದಲು ಮಸಿಯ ಪರೀಕ್ಷೆ. ಅಚ್ಚಿನ ಮಸಿ ಎಣ್ಣೆಯದು, ನೀರಿನ ಪಸೆಗೆ ಹರಡುವುದಿಲ್ಲ. ಪೆನ್ನಿನ ಶಾಯಿ, ರಬ್ಬರ್ ಸ್ಟಾಂಪಿನ ಬಣ್ಣ ಹರಡುತ್ತವೆ. ಅಂಟಿದ ಹಾಳೆಗಳ ಅಂಚಿನಲ್ಲಿ ಕಂಡಷ್ಟು ಭಾಗದಲ್ಲಿ ಅವೆರಡೂ ಇರಲಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಮಾಡಿದ ಒತ್ತುಕಾಗದವನ್ನು ತಳಕ್ಕಿಟ್ಟು, ಅದಕ್ಕೆ ಹಾಳೆ ತಾಗದಂತೆ ನಡುವೆ ಜಾಳಿಗೆಯಿಟ್ಟು, ಹಾಳೆಗಳಿಗೆ ಗಾಳಿಯ ಪಸೆ ಮಾತ್ರ ಮುಟ್ಟುವಂತೆ ಮಾಡಿದೆ. ಮೈದಾ ಅಂಟು ನಿಧಾನವಾಗಿ ಮೆತ್ತಗಾಗುತ್ತದೆ. ದಿನಕ್ಕೆ ಒಂದು ಅಂಚು, ಅದೂ ತೆಳುವಾಗಿ ಕೆತ್ತಿದ ಬಿದಿರು ಕಡ್ಡಿಯಿಂದ. ಬಿಡಿಸಿದ ಹಾಳೆಯನ್ನು ಒಣ ಒತ್ತುಕಾಗದಗಳ ನಡುವೆ ಹಗುರ ಭಾರದ ಕೆಳಗೆ ಒಣಗಿಸುವುದು. ಬೂಸು ಬರುವ ಹೆದರಿಕೆ ಇರುವುದರಿಂದ ರಾತ್ರಿ ಯಾವ ಹಾಳೆಯನ್ನೂ ಡಬ್ಬಿಯಲ್ಲಿ ಬಿಡಲಿಲ್ಲ. ಹೀಗೆ ಹದಿನೇಳು ದಿನಕ್ಕೆ ಎಂಟು ಪುಟಗಳು ಬಿಟ್ಟವು.

ಆರ್ಟ್ ಪೇಪರಿನ ಭಾವಚಿತ್ರದ ಹಾಳೆಗಳಲ್ಲಿ ನಾನು ತಪ್ಪಿದೆ. ಆ ಕಾಗದದ ಮೈಮೇಲೆ ನುಣುಪಿಗಾಗಿ ಬಳಿದ ಲೇಪವಿರುತ್ತದೆ. ಒಮ್ಮೆ ನೆನೆದು ಒಣಗಿದರೆ ಎದುರುಬದುರಿನ ಲೇಪಗಳು ಒಂದಕ್ಕೊಂದು ಬೆಸೆದುಬಿಡುತ್ತವೆ. ಇದು ಗೊತ್ತಿದ್ದೂ, ಉಳಿದವು ಬಿಟ್ಟ ಉಮೇದಿನಲ್ಲಿ ಒಂದು ಮೂಲೆಯನ್ನು ಎತ್ತಲು ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಚಿತ್ರದ ಲೇಪ ಒಂದು ಹಾಳೆಯಿಂದ ಕಿತ್ತು ಇನ್ನೊಂದಕ್ಕೆ ಹತ್ತಿತು. ಯಾರದೋ ಪೇಟದ ಒಂದು ತುದಿ. ಅಲ್ಲಿಗೆ ನಿಲ್ಲಿಸಿದೆ. ಹೊರಬದಿಯ ಎರಡು ಪುಟಗಳಲ್ಲಿ ಗಣ್ಯರ ಮತ್ತು ಪದಾಧಿಕಾರಿಗಳ ಚಿತ್ರಗಳಿವೆ; ಒಳಬದಿಯ ಎರಡು ಪುಟಗಳಲ್ಲಿ, ಪರಿವಿಡಿಯ ಪ್ರಕಾರ, ಕಲಾವಿದರ ಚಿತ್ರಗಳಿವೆ.

ಬಿಡಿಸಿದ ಎಂಟು ಪುಟಗಳಲ್ಲಿ ಎರಡು ಸಂಗತಿ ಸಿಕ್ಕವು. ಮೂವತ್ತೆಂಟನೆಯ ಪುಟದ ಕೆಳಗೆ ಚೌಕಟ್ಟು ಹಾಕಿ, ಉತ್ಸವದ ಟಿಕೀಟಿನ ಹಣದಲ್ಲಿ ಒಂದು ಪಾಲನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಡಲಾಗುವುದೆಂದು ಪ್ರೇಕ್ಷಕರಿಗೆ ತಿಳಿಸಿದ್ದರು. ಆ ನಿಧಿ ಹುಟ್ಟಿದ್ದು ಚೀನಾ ಯುದ್ಧದ ಹೊತ್ತಿನಲ್ಲಿ. ಯುದ್ಧ ಶುರುವಾದದ್ದು 1962ರ ಅಕ್ಟೋಬರ್ 20ಕ್ಕೆ. 1962ರ ವೈಶಾಖ ಅದಕ್ಕಿಂತ ನಾಲ್ಕು ತಿಂಗಳಿಗೂ ಹೆಚ್ಚು ಹಿಂದೆಯೇ ಮುಗಿದಿತ್ತು. ಆ ವೈಶಾಖದಲ್ಲಿ ಅಂಥ ನಿಧಿಯ ಮಾತು ಬರಲು ಸಾಧ್ಯವೇ ಇಲ್ಲ. ಪ್ರಕಟಣೆ ಆಮೇಲೆ ಸೇರಿಸಿದ ಬಿಡಿ ಚೀಟಿಯೇನೋ ಎಂಬ ಅನುಮಾನಕ್ಕೂ ಎಡೆಯಿರಲಿಲ್ಲ, ಏಕೆಂದರೆ ಅದೇ ಹಾಳೆಯ ಮೇಲ್ಭಾಗದಲ್ಲಿ ಮೊದಲ ರಾತ್ರಿಯ ನಾಟಕದ ಪಾತ್ರವರ್ಗ ಅದೇ ಮೊಳೆಯಲ್ಲಿ ಅಚ್ಚಾಗಿತ್ತು.

ಎರಡನೆಯದು, ಪುಟಗಳ ನಡುವೆ ಸಿಕ್ಕಿಕೊಂಡಿದ್ದ ತೆಳು ಗುಲಾಬಿ ಕಾಗದದ ಹ್ಯಾಂಡ್‌ಬಿಲ್ಲು. ‘ವೈಶಾಖ ಶುದ್ಧ ತದಿಗೆ ಶುಕ್ರವಾರ ರಾತ್ರಿ 9-30ಕ್ಕೆ ಸರಿಯಾಗಿ’ ಎಂದು ಅದರಲ್ಲಿತ್ತು. 1963ರಲ್ಲಿ ಆ ತಿಥಿ ಏಪ್ರಿಲ್ 26, ಶುಕ್ರವಾರ. 1962ರಲ್ಲಿ ಅದು ಮೇ ತಿಂಗಳ ಮೊದಲ ವಾರದಲ್ಲಿ ಬೇರೆ ವಾರಕ್ಕೆ ಬೀಳುತ್ತದೆ. ಕಂಪೋಜಿಟರ್ ಅಜ್ಜನ ಬೆರಳು ಹೇಳಿದ್ದು ಸರಿಯಾಗಿತ್ತು.

ಸಭೆಯಲ್ಲಿ ಇವುಗಳನ್ನು ಮುಂದಿಟ್ಟಾಗ ಎದ್ದ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಪತ್ರಿಕೆಗಳ ಹಣ ಹೋಗಿತ್ತು, ಪೆಂಡಾಲಿನವರಿಗೆ ಮುಂಗಡ ಸಂದಿತ್ತು, ಒಬ್ಬ ಹಿರಿಯ ಸದಸ್ಯರ ಆರೋಗ್ಯ ಚೆನ್ನಾಗಿರಲಿಲ್ಲ. ಮುಂದಿನ ವರ್ಷದವರೆಗೆ ಅವರು ಇರುತ್ತಾರೋ ಇಲ್ಲವೋ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಗೆ ಯಾವ ಹಾಳೆಯಲ್ಲೂ ಉತ್ತರವಿರಲಿಲ್ಲ. ಕೊನೆಗೆ ಆ ಹಿರಿಯರೇ ಹೇಳಿಕಳಿಸಿದರು: ತಮ್ಮ ಸಲುವಾಗಿ ಸುಳ್ಳು ವರ್ಷ ಹಾಕುವುದು ಬೇಡ. ಸಮಾರಂಭ 2023ಕ್ಕೆ, ಶೋಭಕೃತ್ ಸಂವತ್ಸರದ ಬಸವ ಜಯಂತಿಗೆ ಹೋ‌ಯಿತು. ಅವರು ಅದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದರು.

ಪೆನ್ಸಿಲ್ಲಿನ ಹನ್ನೊಂದು ಸಾಲು

ವರ್ಷದ ಗದ್ದಲದಲ್ಲಿ ನನಗೇ ಬಹುತೇಕ ಕೈತಪ್ಪಿದ ವಿಷಯ ಇದು, ಮತ್ತು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದೂ ಇದೇ.

ಮರುಮುದ್ರಣಕ್ಕಾಗಿ ಹಾಳೆಗಳ ಫೋಟೊ ತೆಗೆಯುವ ಕೆಲಸವನ್ನು ಒಬ್ಬ ಉತ್ಸಾಹಿ ಯುವಕ ವಹಿಸಿಕೊಂಡಿದ್ದ. ಒಳ್ಳೆಯ ಕೆಲಸಗಾರ. ಮೊದಲ ಕರಡು ಪ್ರತಿಯನ್ನು ನನಗೆ ತೋರಿಸಿದಾಗ ಪುಟಗಳು ಎಷ್ಟು ನಿರ್ಮಲವಾಗಿದ್ದವೆಂದರೆ ನನಗೆ ಹೆದರಿಕೆಯಾಯಿತು. ಕಲೆ, ಗೀಚು, ಹಳದಿ ಎಲ್ಲವನ್ನೂ ಅವನು ಕಂಪ್ಯೂಟರಿನಲ್ಲಿ ಅಳಿಸಿದ್ದ. ಪಾರಿಜಾತದ ರಾತ್ರಿಯ ಕಾರ್ಯಕ್ರಮದ ಪುಟದಲ್ಲಿ, ಮಗ್ಗುಲಿನ ಖಾಲಿ ಜಾಗದಲ್ಲಿ ಮೂಲದಲ್ಲಿ ಪೆನ್ಸಿಲ್ಲಿನ ಬರಹವಿದ್ದದ್ದು ನನಗೆ ಮಸುಕಾಗಿ ನೆನಪಿತ್ತು. ಕರಡಿನಲ್ಲಿ ಅದು ಇರಲಿಲ್ಲ. ಮೂಲವನ್ನು ತೆಗೆದು ನೋಡಿದರೆ ಅಲ್ಲಿಯೂ ಎರಡು ಸಾಲು ಹೋಗಿದ್ದವು. ಮುಂದಿನ ಫೋಟೊ ಚೆನ್ನಾಗಿ ಬರಲೆಂದು ಅವನು ರಬ್ಬರು ಹಿಡಿದು ಆಗಲೇ ಶುರು ಮಾಡಿದ್ದ. ಒಂಬತ್ತು ಸಾಲು ಉಳಿದಿದ್ದವು. ಹೋದ ಎರಡನ್ನೂ ಮಗ್ಗುಲು ಬೆಳಕಿನಲ್ಲಿ, ಪೆನ್ಸಿಲ್ಲಿನ ತುದಿ ಕೊರೆದ ಗೆರೆಗಳಿಂದ ಓದಲು ಬಂತು. ಮೊದಲ ಹಾಳೆಯಂತೆ ಈ ಹಾಳೆಯೂ ಪ್ಲಾಸ್ಟಿಕ್ಕಿನೊಳಗೆ ಹೋಗಿದ್ದರೆ ಅವೂ ಇರುತ್ತಿರಲಿಲ್ಲ.

ಅಚ್ಚಿನಲ್ಲಿ ಆ ರಾತ್ರಿಯ ಆಟದ ಬಗ್ಗೆ ಇದ್ದದ್ದು ಇಷ್ಟು: ಆಟದ ಹೆಸರು, ಭಾಗವತರ ಹೆಸರು, ‘ಮತ್ತು ಸಂಗಡಿಗರು’. ಮೊದಲೆರಡು ರಾತ್ರಿಯ ನಾಟಕಗಳಿಗೆ ಸೇವಕನ ಪಾತ್ರಧಾರಿಯವರೆಗೆ ಎಲ್ಲರ ಹೆಸರನ್ನೂ ಹಾಕಿದ್ದ ಸಂಪಾದಕರು ಪಾರಿಜಾತದ ಮೇಳಕ್ಕೆ ಒಂದೂವರೆ ಸಾಲು ಕೊಟ್ಟಿದ್ದರು. ಪೆನ್ಸಿಲ್ಲಿನಲ್ಲಿ ಮೊದಲ ಖಜಾಂಚಿಯವರ ಕೈಬರಹದಲ್ಲಿ ಇದ್ದದ್ದು ಸಂಭಾವನೆಯ ಪಟ್ಟಿ: ಕೃಷ್ಣ, ರುಕ್ಮಿಣಿ, ನಾರದ, ದೂತಿ, ಕೊರವಂಜಿ, ಪೇಟಿ, ತಬಲಾ, ತಾಳ, ಹೀಗೆ ಪಾತ್ರ ಅಥವಾ ವಾದ್ಯ, ಮುಂದೆ ಹೆಸರು, ಅದರ ಮುಂದೆ ರೂಪಾಯಿ. ಪೇಟಿಗೆ 7-50, ತಬಲಾಕ್ಕೆ 7-50, ಭಾಗವತರಿಗೆ 10-00. ಎಲ್ಲಕ್ಕಿಂತ ಹೆಚ್ಚು, 15-00, ಭಾಮೆಗೆ, ಅಂದರೆ ಸತ್ಯಭಾಮೆಯ ಪಾತ್ರಕ್ಕೆ. ಭಾಮೆಯ ಮುಂದೆ ಬರೆದ ಹೆಸರು ‘ಅವ್ವ’ ಎಂದು ಮುಗಿಯುತ್ತಿತ್ತು.

ತಮ್ಮ ಸಂಘದ ವೇದಿಕೆಯಲ್ಲಿ ಹೆಣ್ಣುಮಕ್ಕಳು ಪಾತ್ರ ಮಾಡಿದ್ದು ಬಹಳ ತಡವಾಗಿ, ಮೊದಲೆಲ್ಲ ಗಂಡಸರೇ ಸೀರೆ ಉಡುತ್ತಿದ್ದರು ಎಂದು ಸಂಘದ ಹಿರಿಯರು ಹೇಳುತ್ತ ಬಂದಿದ್ದರು. ನಾಟಕಗಳ ಮಟ್ಟಿಗೆ ಅದು ನಿಜ. ಅಚ್ಚಾದ ಪಾತ್ರವರ್ಗವೂ ಅದನ್ನೇ ತೋರಿಸುತ್ತದೆ. ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹೆಸರು ಈ ಸೀಮೆಯಲ್ಲೆಲ್ಲ ಮನೆಮಾತಾಗಿದ್ದರೂ, ತಮ್ಮದೇ ಮೊದಲ ಉತ್ಸವದ ಮುಖ್ಯ ಕಲಾವಿದೆಯೊಬ್ಬರು ಹೆಣ್ಣುಮಗಳೆಂಬುದು ಸಂಘದ ನೆನಪಿನಿಂದ ಜಾರಿಹೋಗಿತ್ತು. ಅಚ್ಚಿನಲ್ಲಿ ಇಲ್ಲದ್ದು ನೆನಪಿನಿಂದಲೂ ಹೋಗುತ್ತದೆ. ಖಜಾಂಚಿಯವರು ಚರಿತ್ರೆ ಬರೆಯಲು ಕುಳಿತಿರಲಿಲ್ಲ, ಬೆಳಗಿನ ಜಾವ ಲೆಕ್ಕ ತಪ್ಪಬಾರದೆಂದು ಕೈಗೆ ಸಿಕ್ಕ ಪುಟದಲ್ಲಿ ಗೀಚಿಕೊಂಡರು. ಅವರ ಪೆನ್ಸಿಲ್ಲಿಗೆ ಈ ಹನ್ನೊಂದು ಜನರ ಹೆಸರು ಉಳಿದಿರುವ ಪುಣ್ಯ ಸಲ್ಲಬೇಕು.

ಹೆಸರುಗಳನ್ನು ಹೊಸ ಸಂಚಿಕೆಯಲ್ಲಿ ಅಚ್ಚು ಹಾಕುವ ಪ್ರಶ್ನೆ ಬಂದಾಗ ನಾನು ತಡೆದೆ. ಆ ಕಾಲದಲ್ಲಿ ಮೇಳದಲ್ಲಿ ಕುಣಿದ ಹೆಣ್ಣುಮಗಳ ಬಗ್ಗೆ ಊರು ಏನೇನು ಆಡಿಕೊಂಡಿರಬಹುದೆಂಬುದು ನಮಗೆ ತಿಳಿಯದ ವಿಷಯವಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಅರವತ್ತು ವರ್ಷದ ಮೇಲೆ ಆ ಹೆಸರನ್ನು ಸಾವಿರ ಪ್ರತಿಗಳಲ್ಲಿ ಹಂಚುವ ಅಧಿಕಾರ ನಮಗಿರಲಿಲ್ಲ. ಹುಡುಕಿದಾಗ ಮಗಳು ಸಿಕ್ಕರು, ಮುಳುಗಡೆಯಾದ ಮೇಲೆ ಕಟ್ಟಿದ ಪುನರ್ವಸತಿ ಊರಿನಲ್ಲಿ. ಕಾರ್ಯದರ್ಶಿಗಳೂ ನಾನೂ ಹೋಗಿ, ಪುಟದ ಫೋಟೊ ತೋರಿಸಿ, ಹೆಸರು ಮಾತ್ರ ಹಾಕುತ್ತೇವೆ, ಹಣದ ಮಾತನ್ನು ಬಿಡುತ್ತೇವೆ ಎಂದೆವು. ಅವರು ಫೋಟೊವನ್ನು ಬಹಳ ಹೊತ್ತು ನೋಡಿದರು.

“ಯಾಕ ಬಿಡತೀರಿ ಸರ? ರೊಕ್ಕಾನೂ ಹಾಕ್ರಿ. ನಮ್ಮವ್ವ ಪುಕ್ಕಟೆ ಹಾಡಿಲ್ಲ,” ಎಂದರು.

ಉಳಿದ ಹತ್ತು ಜನರಲ್ಲಿ ಏಳು ಮನೆಗಳನ್ನು ಹುಡುಕಿ ಕೇಳಿದೆವು, ಎಲ್ಲರೂ ಒಪ್ಪಿದರು. ಮೂವರ ಮನೆಯವರು ಸಿಗಲಿಲ್ಲ. ಅವರ ಪಾತ್ರ, ವಾದ್ಯಗಳನ್ನಷ್ಟೇ ಹಾಕಿ ಹೆಸರಿನ ಜಾಗವನ್ನು ಖಾಲಿ ಬಿಟ್ಟೆವು.

ಜಾಹೀರಾತುಗಳ ಓಣಿ

ಮರುಮುದ್ರಣದಲ್ಲಿ ಹಳೆಯ ಜಾಹೀರಾತುಗಳನ್ನು ಕೈಬಿಟ್ಟು ಆ ಜಾಗೆಯಲ್ಲಿ ಹೊಸ ದಾನಿಗಳ ಜಾಹೀರಾತು ಹಾಕಬೇಕೆಂದು ಸಂಘ ಮೊದಲು ಯೋಚಿಸಿತ್ತು. ಖರ್ಚಿನ ದೃಷ್ಟಿಯಿಂದ ಅದು ನ್ಯಾಯವಾದ ಯೋಚನೆಯೇ. ಆದರೆ ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈ ಸಂಚಿಕೆ ಅದಕ್ಕಿಂತ ಒಂದು ವರ್ಷ ಹಿಂದಿನದು. ‘ಇವರ ಶುಭಾಶಯಗಳೊಂದಿಗೆ’ ಎಂದು ಮುಗಿಯುವ ಆ ಪುಟಗಳಲ್ಲಿ ಗುಳೇದಗುಡ್ಡದ ಖಣದ ವ್ಯಾಪಾರಿ, ಇಳಕಲ್ಲ ಸೀರೆಯ ಅಂಗಡಿ, ಶೇಂಗಾ ಅಡತಿ, ಖಾನಾವಳಿ, ಸೈಕಲ್ ಬಾಡಿಗೆಯವರು, ಎರಡು ಅಂಕಿಗಳ ಫೋನ್ ನಂಬರು, ಯಾವ ಗುಡಿಯ ಎದುರು ಯಾವ ಅಂಗಡಿ ಎಂಬ ವಿಳಾಸ ಎಲ್ಲವೂ ಇವೆ. ಈಗ ನೀರಿನ ಕೆಳಗಿರುವ ಪೇಟೆಯ ಯಾದಿ ಇದು. ನಾವು ನಾಲ್ವರು ಹಿರಿಯರನ್ನು ಒಂದು ಮಧ್ಯಾಹ್ನ ಕೂಡ್ರಿಸಿ, ದೊಡ್ಡ ಹಾಳೆಯಲ್ಲಿ ಓಣಿಯ ಗೆರೆ ಎಳೆದು, ಜಾಹೀರಾತುಗಳನ್ನು ಒಂದೊಂದಾಗಿ ಓದಿದೆವು. ಅಂಗಡಿಗಳನ್ನು ಸ್ಥಳದಲ್ಲಿ ಕೂಡಿಸುತ್ತ ಅವರು ವಾದ ಮಾಡಿದರು, ನಕ್ಕರು, ಒಮ್ಮೆ ಎಲ್ಲರೂ ಮಾತು ನಿಲ್ಲಿಸಿದರು. ಆ ನಕ್ಷೆ ಹೊಸ ಸಂಚಿಕೆಯ ಕೊನೆಗೆ ಸೇರಿತು. ಹಳೆಯ ಜಾಹೀರಾತುಗಳೆಲ್ಲ ಇದ್ದ ಪುಟದಲ್ಲಿಯೇ ಉಳಿದವು. ಹೊಸ ದಾನಿಗಳಿಗೆ ಪ್ರತ್ಯೇಕ ಹದಿನಾರು ಪುಟ ಕೊಟ್ಟೆವು, ಯಾರೂ ಬೇಸರಪಡಲಿಲ್ಲ.

ಮರುಮುದ್ರಣಕ್ಕೆ ಬಳಸಿದ್ದು ಏನನ್ನೂ ಅಳಿಸದ ಫೋಟೊಗಳನ್ನು, ಅದೇ ಯುವಕ ಎರಡನೆಯ ಸಲ ತೆಗೆದವುಗಳನ್ನು. ಕಲೆಗಳು, ಒರಲೆ ತಿಂದ ಮೂಲೆ, ಪೆನ್ಸಿಲ್ಲಿನ ಸಾಲುಗಳು ಕಾಣುತ್ತವೆ. ಸಿಗದ ಮೂವರ ಹೆಸರಿನ ಮೇಲೆ ಮಾತ್ರ ಬಿಳಿ ಪಟ್ಟಿ ಇಟ್ಟು, ಹಾಗೆ ಇಟ್ಟದ್ದನ್ನು ಪುಟದ ಕೆಳಗೆ ತಿಳಿಸಿದ್ದೇವೆ. ಪಟ್ಟಿಯಿಲ್ಲದ ಫೋಟೊಗಳ ಒಂದು ಪ್ರತಿ ಸಂಘದಲ್ಲಿ, ಒಂದು ಖಜಾಂಚಿಯವರ ಮಗನ ಮನೆಯಲ್ಲಿ ಇದೆ.

ಮೂಲ ಸಂಚಿಕೆ ಈಗ ಹತ್ತಿ ಬಟ್ಟೆ ಸುತ್ತಿದ ರಟ್ಟಿನ ಪೆಟ್ಟಿಗೆಯಲ್ಲಿ, ಗೋಡೆಗೆ ತಾಗದ ಕಪಾಟಿನಲ್ಲಿದೆ. ವರ್ಷಕ್ಕೆರಡು ಸಲ ತೆಗೆದು ನೋಡುತ್ತೇವೆ. ಭಾವಚಿತ್ರದ ಎರಡು ಹಾಳೆಗಳು ಅಂಟಿಕೊಂಡೇ ಇವೆ. ಭಾಮೆಯ ಮಗಳ ಹತ್ತಿರ ತಾಯಿಯ ಒಂದು ಫೋಟೊವೂ ಇಲ್ಲ; ಒಳಪುಟದಲ್ಲಿ ಇರಬಹುದೆಂದು ಅವರಿಗೆ ಹೇಳಿದ್ದೇವೆ, ನಾನು ಹರಿದ ಮೂಲೆಯನ್ನೂ ತೋರಿಸಿದ್ದೇನೆ. ಬಿಡಿಸಬಲ್ಲ ಕೈ ಸಿಗುವವರೆಗೆ ಯಾರೂ ಮುಟ್ಟಬಾರದೆಂದು ಅವರೇ ಹೇಳಿದ ಮಾತನ್ನು ಸಂಘ ಠರಾವು ಪುಸ್ತಕದಲ್ಲಿ ಬರೆದು, ಅದರ ಕೆಳಗೆ ಅವರ ಸಹಿ ಪಡೆದಿದೆ.